ಎಸ್‌ಕ್ಯೂಎಲ್ ಬಾರದವರಿಗೆ ಡೇಟಾಬೇಸ್ ತೆರೆದು ನೋಡಲಿಕ್ಕೆ ಯಾವ ಸಾಫ್ಟ್‌ವೇರ್ ಕೊಡಬೇಕು?

ತೊಗರಿ_ಲೆಕ್ಕ (ಕಲಬುರಗಿ)
ಎಲ್ಲರಿಗೂ ನಮಸ್ಕಾರ್ರಿ. ನಾನು ಕಲಬುರಗಿ ಹತ್ರ ಒಂದು ರೈತ ಉತ್ಪಾದಕರ ಸಂಸ್ಥೆಯೊಳಗ ಲೆಕ್ಕಪತ್ರ, ಕಂಪ್ಯೂಟರ್ ಎರಡೂ ನೋಡ್ಕೋತೀನಿ. ತೊಗರಿ ಖರೀದಿಗಿ ಒಂದು ಸಾಫ್ಟ್‌ವೇರ್ ಅದ, ಅದರ ಹಿಂದ ಮೈಎಸ್‌ಕ್ಯೂಎಲ್ ಡೇಟಾಬೇಸ್. ರೈತರ ಹೆಸರು, ಊರು, ತಾಲೂಕು, ತಳಿ, ತೂಕದ ಚೀಟಿ, ತೇವಾಂಶ, ಪಾವತಿ ಎಲ್ಲಾ ಅದರಾಗೇ ಅವ.

ತೊಂದರಿ ಏನಂದ್ರ, ಹಾಕಿಕೊಟ್ಟವರು ಕೊಟ್ಟ ರಿಪೋರ್ಟ್ ನಾಲ್ಕೇ ನಾಲ್ಕು. ಅಧ್ಯಕ್ಷರು ಇವತ್ತು "ಚಿತ್ತಾಪುರ ತಾಲೂಕಿನ್ಯಾಗ ಹತ್ತು ಕ್ವಿಂಟಲ್ ಮ್ಯಾಲ ತಂದವರು ಎಷ್ಟು ಮಂದಿ" ಅಂತ ಕೇಳ್ತಾರ. ನಾಳಿ "ತೇವಾಂಶ ಹೆಚ್ಚಾಗಿ ವಾಪಸ್ ಹೋದ ಮಾಲು ಎಷ್ಟು" ಅಂತಾರ. ಹೊಸ ರಿಪೋರ್ಟ್ ಬೇಕಂದ್ರ ಫೋನ್ ಹಚ್ಚಬೇಕು, ರೊಕ್ಕ ಕೊಡಬೇಕು, ಮ್ಯಾಲ ಕಾಯಬೇಕು. ನನಗ ಎಸ್‌ಕ್ಯೂಎಲ್ (ಡೇಟಾಬೇಸಿಗಿ ಪ್ರಶ್ನೆ ಕೇಳೋ ಭಾಷಾ) ತಕ್ಕಮಟ್ಟಿಗಿ ಬರ್ತದ. ಆಫೀಸಿನ್ಯಾಗಿನ ಇನ್ನಿಬ್ಬರು ಎಕ್ಸೆಲ್‌ನ್ಯಾಗ ಭಾಳ ಚುರುಕು, ಎಸ್‌ಕ್ಯೂಎಲ್ ಒಂದಕ್ಷರ ಗೊತ್ತಿಲ್ಲ. ಅವರು ಮೌಸ್ ಹಿಡಿದು ಟೇಬಲ್ ಆರಿಸಿ, ಶರತ್ತು ಹಾಕಿ, ತಾವೇ ಉತ್ತರ ತಕ್ಕೊಳ್ಳೋ ಹಂಗ ಏನಾರ ಅದ ಏನ್ರಿ? ಪುಕ್ಕಟಿ ಇರಬೇಕು. ಮಷೀನು ಹಳೇವು, 4 ಜಿಬಿ ರ‍್ಯಾಮ್, ವಿಂಡೋಸ್. ಡಿಬೀವರ್, ವರ್ಕ್‌ಬೆಂಚ್, ಹೈಡಿಎಸ್‌ಕ್ಯೂಎಲ್, ಮೆಟಾಬೇಸ್ ಅಂತ ಹೆಸರು ಕೇಳೀನಿ, ಯಾವುದು ಏನು ಅಂತ ತಿಳೀವಲ್ದು. ಡಿಸೆಂಬರ್‌ಗಿ ಹೊಸ ಮಾಲು ಬರಲಾಕ ಶುರುವಾಗ್ತದ, ಅಷ್ಟರಾಗ ಒಂದು ವ್ಯವಸ್ಥಾ ಆಗಬೇಕಾಗ್ಯದ.

ಭಾಲ್ಕಿ_ಬಸವ
ಡಿಬೀವರ್. ಕಣ್ಣು ಮುಚ್ಚಿ ಹಾಕ್ರಿ.

ಕಾಗಿಣಾ_ದಂಡಿ
ಕಣ್ಣು ಮುಚ್ಚಿ ಹಾಕಬ್ಯಾಡ್ರಿ. ಅವರು ಕೇಳಿದ್ದು ಮೌಸ್‌ನಿಂದ ಕ್ವೆರಿ, ಅಂದ್ರೆ ಡೇಟಾಬೇಸಿಗೆ ಹಾಕೋ ಪ್ರಶ್ನೆ, ಕಟ್ಟೋದು. ಡಿಬೀವರ್‌ನ ಪುಕ್ಕಟೆ ಆವೃತ್ತಿಯಲ್ಲಿ ಅದು ಇಲ್ಲ, ವಿಷುವಲ್ ಕ್ವೆರಿ ಬಿಲ್ಡರ್ ಬೇಕಂದ್ರೆ ದುಡ್ಡು ಕೊಡೋ ಆವೃತ್ತಿನೇ ತಗೋಬೇಕು. ಕಮ್ಯುನಿಟಿ ಆವೃತ್ತಿಯಲ್ಲಿ ಟೇಬಲ್ ತೆರೆಯಬಹುದು, ಕಾಲಂ ಮೇಲೆ ಫಿಲ್ಟರ್ ಹಾಕಬಹುದು, ಗ್ರೂಪಿಂಗ್ ಪ್ಯಾನೆಲ್‌ಗೆ ಕಾಲಂ ಎಳೆದು ಹಾಕಿ ಎಣಿಕೆ ತೆಗೆಯಬಹುದು, ಟೇಬಲ್‌ಗಳ ಸಂಬಂಧದ ಚಿತ್ರ ನೋಡಬಹುದು. ಒಂದೇ ಟೇಬಲ್ಲಿನ ಪ್ರಶ್ನೆಗೆ ಸಾಕು. ಎರಡು ಟೇಬಲ್ ಕೂಡಿಸಬೇಕು ಅಂದ ಕೂಡಲೇ ಎಸ್‌ಕ್ಯೂಎಲ್ ಬರೆಯಲೇಬೇಕು.

ಮೈಎಸ್‌ಕ್ಯೂಎಲ್ ವರ್ಕ್‌ಬೆಂಚ್‌ನಲ್ಲೂ ಮೌಸ್ ಬಿಲ್ಡರ್ ಇಲ್ಲ. ಹೈಡಿ ಬಹಳ ಹಗುರ, 4 ಜಿಬಿ ಮಷೀನಿಗೆ ಹೇಳಿ ಮಾಡಿಸಿದ್ದು, ಆದರೆ ಅದು ಸಹ ಎಸ್‌ಕ್ಯೂಎಲ್ ಬಲ್ಲವರ ಸಾಧನ. ಪಟ್ಟಿಯಲ್ಲಿ ನಿಜವಾಗಿ ಮೌಸ್‌ನಿಂದ ಕೇಳೋದಕ್ಕೆ ಮಾಡಿದ್ದು ಮೆಟಾಬೇಸ್ ಒಂದೇ.

ಮಾಂಜ್ರಾ (ಬೀದರ್)
ಎಂಎಸ್ ಆಕ್ಸೆಸ್ ಯಾಕೆ ಯಾರೂ ಹೇಳ್ತಿಲ್ಲ? ಆಫೀಸ್ ಲೈಸೆನ್ಸ್ ಜೊತೆಗೆ ಎಷ್ಟೋ ಕಡೆ ಅದು ಮೊದಲೇ ಇರ್ತದ. ಓಡಿಬಿಸಿ (ಎರಡನ್ನೂ ಜೋಡಿಸೋ ಡ್ರೈವರ್) ಹಾಕಿ ಮೈಎಸ್‌ಕ್ಯೂಎಲ್ ಟೇಬಲ್‌ಗಳನ್ನು ಲಿಂಕ್ ಮಾಡ್ರಿ, ಕ್ವೆರಿ ಡಿಸೈನ್ ತೆರೀರಿ, ಟೇಬಲ್ ಮೇಲೆ ಇಡ್ರಿ, ಗೆರೆ ಎಳೀರಿ, ಕೆಳಗಿನ ಚೌಕದಾಗ ಕಾಲಂ ಮತ್ತು ಶರತ್ತು ತುಂಬ್ರಿ. ನಮ್ಮ ಬೀದರ್ ಕಡೆ ಒಂದು ಸಂಸ್ಥೆಯಲ್ಲಿ ಹತ್ತನೇ ತರಗತಿ ಓದಿದ ಗುಮಾಸ್ತರು ವರ್ಷಗಟ್ಟಲೆ ಹಿಂಗೇ ಲೆಕ್ಕ ತೆಗೆದಾರ. ಯಾರಿಗೂ ಸೆಲೆಕ್ಟ್ ಅಂದ್ರೆ ಏನು ಅಂತ ಗೊತ್ತಿರಲಿಲ್ಲ. ಪುಕ್ಕಟೆನೇ ಬೇಕಂದ್ರೆ ಲಿಬ್ರೆಆಫೀಸ್ ಬೇಸ್ ಇದೆ, ಅದರಲ್ಲೂ ಅದೇ ತರಹದ ಡಿಸೈನ್ ಪರದೆ.

ಕಾಗಿಣಾ_ದಂಡಿ
ಗೆರೆ ಎಳೆಯೋದರಲ್ಲೇ ಇರೋದು ಅಪಾಯ, ಮಾಂಜ್ರಾ ಅವರೇ. ತೊಗರಿ_ಲೆಕ್ಕ ಅವರ ಡೇಟಾನೇ ತಗೊಳ್ಳೋಣ. ತೂಕದ ಚೀಟಿ ಒಂದು ಟೇಬಲ್, ಪಾವತಿ ಇನ್ನೊಂದು. ಎರಡೇ ಚೀಟಿ ಇವೆ ಅಂತ ಇಟ್ಟುಕೊಳ್ರಿ. ಮೊದಲನೇದು 12 ಕ್ವಿಂಟಲ್, ಅದರ ಹಣ ಎರಡು ಕಂತಲ್ಲಿ ಕೊಟ್ಟಿದ್ದಾರೆ. ಎರಡನೇದು 8 ಕ್ವಿಂಟಲ್, ಹಣ ಇನ್ನೂ ಕೊಟ್ಟಿಲ್ಲ. ಒಟ್ಟು ಮಾಲು 20 ಕ್ವಿಂಟಲ್.

ಈಗ ಎರಡೂ ಟೇಬಲ್ ಪರದೆ ಮೇಲೆ ಇಟ್ಟು ಚೀಟಿ ನಂಬರಿಗೆ ಗೆರೆ ಎಳೆದು ಕ್ವಿಂಟಲ್ ಮೊತ್ತ ಕೇಳ್ರಿ. ಆಕ್ಸೆಸ್ 24 ಅಂತ ಹೇಳ್ತದೆ. ಯಾಕಂದ್ರೆ 12ರ ಚೀಟಿ ಎರಡು ಪಾವತಿಗೆ ಎರಡು ಸಾಲಾಗಿ ಬರುತ್ತೆ, 8ರ ಚೀಟಿಗೆ ಪಾವತಿ ಇಲ್ಲ ಅಂತ ಅದು ಮಾಯ. ಅಲ್ಲಿ ಗೆರೆ ಎಳೆದರೆ ಇನ್ನರ್ ಜಾಯ್ನ್ (ಎರಡೂ ಟೇಬಲ್ಲಿನಲ್ಲಿ ಜೋಡಿ ಸಿಕ್ಕ ಸಾಲು ಮಾತ್ರ), ಅದೇ ಡೀಫಾಲ್ಟ್. ಅದೇ ಕೆಲಸ ಮೆಟಾಬೇಸ್‌ನಲ್ಲಿ ಮಾಡ್ರಿ, 32 ಬರುತ್ತೆ. ಅಲ್ಲಿ ಡೀಫಾಲ್ಟ್ ಲೆಫ್ಟ್ ಜಾಯ್ನ್ (ಜೋಡಿ ಸಿಗದಿದ್ದರೂ ಮೊದಲ ಟೇಬಲ್ಲಿನ ಎಲ್ಲಾ ಸಾಲು), ಹಾಗಾಗಿ 8 ಉಳೀತು, 12 ಮಾತ್ರ ಇಮ್ಮಡಿ ಆಯ್ತು. ಒಂದೇ ಡೇಟಾ, ಒಂದೇ ಪ್ರಶ್ನೆ, ಎರಡು ಸಾಫ್ಟ್‌ವೇರ್, ಎರಡು ಉತ್ತರ, ಎರಡೂ ತಪ್ಪು. ಪರದೆ ಮೇಲೆ ಕೆಂಪು ಅಕ್ಷರದಲ್ಲಿ ಯಾವ ಎಚ್ಚರಿಕೆನೂ ಬರಲ್ಲ. ಆ ಸಂಖ್ಯೆ ಅಧ್ಯಕ್ಷರ ಟೇಬಲ್ಲಿಗೆ ಹೋಗ್ತದೆ, ಅಲ್ಲಿಂದ ಸಭೆಗೆ ಹೋಗ್ತದೆ.

ಭಾಲ್ಕಿ_ಬಸವ
ಡಿಸ್ಟಿಂಕ್ಟ್ (ಒಂದೇ ನಮೂನಿ ಇದ್ದದ್ದು ಒಮ್ಮೆ ಮಾತ್ರ) ಹಾಕಿದ್ರ ಆತಲ್ಲ?

ಲ್ಯಾಬ್_ಅಕ್ಕ (ಕಲಬುರಗಿ)
ಆಗಲ್ಲ ಬಸವ ಅವರೇ. ಕ್ವಿಂಟಲ್ ಕಾಲಮ್ಮಿನ ಮೇಲೆ ಡಿಸ್ಟಿಂಕ್ಟ್ ಹಾಕಿ ಕೂಡಿಸಿದರೆ, ಬೇರೆ ಬೇರೆ ಇಬ್ಬರು ರೈತರು ತಲಾ 12 ಕ್ವಿಂಟಲ್ ತಂದಿದ್ದಾಗ ಒಬ್ಬರದು ಬಿಟ್ಟುಹೋಗುತ್ತದೆ. ನಾನು ಬಿಸಿಎ ಮಕ್ಕಳಿಗೆ ಡಿಬಿಎಂಎಸ್ (ಡೇಟಾಬೇಸ್) ಲ್ಯಾಬ್ ತೆಗೆದುಕೊಳ್ಳುತ್ತೇನೆ, ಪ್ರತಿ ಬ್ಯಾಚಿನಲ್ಲೂ ಈ ಉಪಾಯ ಬರುತ್ತದೆ. ಸರಿಯಾದ ದಾರಿ: ಮೊದಲು ಪಾವತಿ ಟೇಬಲ್ಲನ್ನು ಚೀಟಿ ನಂಬರಿನ ಮೇಲೆ ಗ್ರೂಪ್ ಮಾಡಿ ಒಂದು ಚೀಟಿಗೆ ಒಂದೇ ಸಾಲು ಆಗುವಂತೆ ಮಾಡಿಕೊಳ್ಳಬೇಕು, ಆಮೇಲೆ ಚೀಟಿ ಟೇಬಲ್ಲಿಗೆ ಲೆಫ್ಟ್ ಜಾಯ್ನ್ ಮಾಡಬೇಕು. ಆಗ 20 ಬರುತ್ತದೆ.

ಕಾಗಿಣಾ_ದಂಡಿ
ಇನ್ನೊಂದು ಸೇರಿಸ್ತೀನಿ ಅಕ್ಕ. ಲೆಫ್ಟ್ ಜಾಯ್ನ್ ಮಾಡಿ ಆಮೇಲೆ ವೇರ್‌ನಲ್ಲಿ (ಕೂಡಿಸಿದ ಸಾಲುಗಳನ್ನ ಸೋಸೋ ಭಾಗದಲ್ಲಿ) "ಪಾವತಿ ದಿನಾಂಕ ಜನವರಿ" ಅಂತ ಶರತ್ತು ಹಾಕಿದರೆ ಪಾವತಿ ಆಗದ ಚೀಟಿ ಮತ್ತೆ ಉದುರಿಹೋಗ್ತವೆ. ಲೆಫ್ಟ್ ಜಾಯ್ನ್ ಮಾಡಿದ್ದೇ ವ್ಯರ್ಥ. ಶರತ್ತು ಜಾಯ್ನ್‌ನ ಒಳಗೇ ಹೋಗಬೇಕು. ಮೌಸ್ ಪರದೆಗಳಲ್ಲಿ ಫಿಲ್ಟರ್ ಅಂತ ಒಂದೇ ಪೆಟ್ಟಿಗೆ ಇರ್ತದೆ, ಅದು ಯಾವ ಕಡೆ ಹೋಗ್ತಿದೆ ಅಂತ ನೋಡಲಿಕ್ಕೆ ಎಸ್‌ಕ್ಯೂಎಲ್ ಓದೋದಕ್ಕೆ ಬರಲೇಬೇಕು. ಅದಕ್ಕೇ ನಾನು ಹೇಳೋದು, ಆ ಇಬ್ಬರಿಗೆ ಎಸ್‌ಕ್ಯೂಎಲ್ ಕಲಿಸಿಬಿಡ್ರಿ. ಎಕ್ಸೆಲ್‌ನಲ್ಲಿ ವಿಲುಕಪ್, ಪಿವಟ್ ಮಾಡೋರಿಗೆ ಇದು ದೊಡ್ಡ ಮಾತಲ್ಲ.

ಮಾಂಜ್ರಾ (ಬೀದರ್)
ಅಂದ್ರ ಸೀಸನ್ ಬಂದಾಗ, ಲಾರಿ ಸಾಲಾಗಿ ನಿಂತಾಗ, ಆ ಇಬ್ಬರು ಎಸ್‌ಕ್ಯೂಎಲ್ ಕಲೀತಾ ಕೂಡಬೇಕಾ? ನೀವು ಹೇಳಿದ ತಪ್ಪು ಎಸ್‌ಕ್ಯೂಎಲ್ ಬರೆಯೋರೂ ದಿನಾ ಮಾಡ್ತಾರ. ಗೆರೆ ಎಳೆದರೂ ಇಮ್ಮಡಿ ಆಗ್ತದ, ಜಾಯ್ನ್ ಅಂತ ಟೈಪ್ ಮಾಡಿದರೂ ಇಮ್ಮಡಿ ಆಗ್ತದ. ದೋಷ ಗೆರೆಯದಲ್ಲ. ಆಕ್ಸೆಸ್‌ನಲ್ಲಿ ಆ ಗೆರೆ ಮೇಲೆ ಎರಡು ಸಲ ಒತ್ತಿದರೆ ಮೂರು ಆಯ್ಕೆ ತೋರಿಸ್ತದ, "ಈ ಟೇಬಲ್ಲಿನ ಎಲ್ಲಾ ಸಾಲು ಬೇಕು" ಅಂತ ಆರಿಸಿದರೆ ಗೆರೆಗೆ ಬಾಣ ಮೂಡ್ತದ. ಕಣ್ಣಿಗೆ ಕಾಣೋ ಬಾಣ ನೋಡಿ ಗುಮಾಸ್ತರು ಲೆಫ್ಟ್ ಜಾಯ್ನ್ ತಿಳ್ಕೊಂಡಷ್ಟು ಬೇಗ ಪುಸ್ತಕ ಓದಿ ಯಾರೂ ತಿಳ್ಕೊಂಡಿದ್ದು ನಾನು ನೋಡಿಲ್ಲ.

ಲ್ಯಾಬ್_ಅಕ್ಕ (ಕಲಬುರಗಿ)
ನಿಮ್ಮಿಬ್ಬರ ಈ ಜಗಳಕ್ಕೆ ಐವತ್ತು ವರ್ಷ ಆಯಿತು. ಡೇಟಾವನ್ನು ಟೇಬಲ್‌ಗಳಾಗಿ ಇಡುವ ಎಡ್ಗರ್ ಕಾಡ್ ಅವರ ರಿಲೇಷನಲ್ ಮಾದರಿ 1970ರದ್ದು. 1974ರಲ್ಲಿ ಐಬಿಎಂನ ಚೇಂಬರ್ಲಿನ್ ಮತ್ತು ಬಾಯ್ಸ್ ಸೀಕ್ವೆಲ್ ಭಾಷೆ ಪ್ರಕಟಿಸಿದರು, ಇವತ್ತಿನ ಎಸ್‌ಕ್ಯೂಎಲ್ ಅದರಿಂದಲೇ ಬಂದದ್ದು. ಹೆಚ್ಚು ಕಡಿಮೆ ಅದೇ ಹೊತ್ತಿಗೆ, ಅದೇ ಐಬಿಎಂನಲ್ಲಿ ಮೋಶೆ ಝ್ಲೂಫ್ ಎಂಬುವರು ಕ್ವೆರಿ ಬೈ ಎಕ್ಸಾಂಪಲ್ ಮಾಡಿದರು. ಪರದೆ ಮೇಲೆ ಖಾಲಿ ಕೋಷ್ಟಕ ಬರುತ್ತದೆ, ನಿಮಗೆ ಬೇಕಾದ ಉತ್ತರದ ಮಾದರಿಯನ್ನು ಅದರಲ್ಲಿ ತುಂಬಿದರೆ ಮುಗಿಯಿತು. ಮಾಂಜ್ರಾ ಅವರು ಹೇಳುವ ಆಕ್ಸೆಸ್‌ನ ಚೌಕ 1992ರಲ್ಲಿ ಬಂದದ್ದು, ಅದು ಇದೇ ವಂಶದ್ದು. ಬ್ರೌಸರ್‌ನಲ್ಲಿ ಮೈಎಸ್‌ಕ್ಯೂಎಲ್ ನೋಡುವ ಪಿಎಚ್‌ಪಿಮೈಅಡ್ಮಿನ್‌ನಲ್ಲಿ ಡೇಟಾಬೇಸ್ ಆರಿಸಿದ ಮೇಲೆ ಕಾಣುವ ಕ್ವೆರಿ ಟ್ಯಾಬ್ ಕೂಡ ಅದೇ. ಪೋಸ್ಟ್‌ಗ್ರೆಸ್ ಎಂಬ ಇನ್ನೊಂದು ಡೇಟಾಬೇಸಿನ ಸಾಧನ ಪಿಜಿಅಡ್ಮಿನ್ 3ರಲ್ಲಿ ಚಿತ್ರ ಬರೆದು ಕ್ವೆರಿ ಕಟ್ಟುವ ಸೌಲಭ್ಯವಿತ್ತು, 4ನ್ನು ಹೊಸದಾಗಿ ಬರೆದಾಗ ಅದು ಬರಲಿಲ್ಲ.

ತರಗತಿಯಲ್ಲಿ ನಾನು ಕಂಡಿದ್ದು ಹೇಳುತ್ತೇನೆ. ಆಳಂದ, ಜೇವರ್ಗಿ, ಸೇಡಂ ಹಳ್ಳಿಗಳಿಂದ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಮಕ್ಕಳು ಕಪ್ಪು ಪರದೆಯಲ್ಲಿ ಕಮಾಂಡ್ ಟೈಪ್ ಮಾಡಬೇಕು ಎಂದರೆ ಮೊದಲ ವಾರವೇ ಹಿಂದೆ ಸರಿಯುತ್ತಾರೆ. ಒಂದು ಕಾಮ ಬಿಟ್ಟರೆ ಇಂಗ್ಲಿಷಿನಲ್ಲಿ ಎರರ್ ಬರುತ್ತದೆ, ತಮಗೆ ವಿಷಯವೇ ಬರುವುದಿಲ್ಲ ಎಂದುಕೊಂಡುಬಿಡುತ್ತಾರೆ. ಅದೇ ಮಕ್ಕಳಿಗೆ ಟೇಬಲ್ ಕಣ್ಣಿಗೆ ಕಾಣುವಂತೆ ತೆರೆದು ಕೊಟ್ಟರೆ ಪ್ರಶ್ನೆ ಕೇಳಲು ಶುರು ಮಾಡುತ್ತಾರೆ. ಆದರೆ ಅಲ್ಲಿಗೇ ಬಿಟ್ಟರೆ ಕಾಗಿಣಾ ಹೇಳಿದ 24, 32ರಲ್ಲೇ ಉಳಿಯುತ್ತಾರೆ. ಹಾಗಾಗಿ ನಾನು ಒಂದು ನಿಯಮ ಇಟ್ಟಿದ್ದೇನೆ. ಕ್ವೆರಿ ಮಾಡುವ ಮುಂಚೆ "ಉತ್ತರದಲ್ಲಿ ಒಂದು ಸಾಲು ಎಂದರೆ ಏನು? ಒಬ್ಬ ರೈತನಾ, ಒಂದು ಚೀಟಿಯಾ, ಒಂದು ಪಾವತಿಯಾ?" ಎಂದು ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಬರೆದವರು ಇಮ್ಮಡಿ ಲೆಕ್ಕವನ್ನು ತಾವೇ ಹಿಡಿಯುತ್ತಾರೆ, ಯಾವ ಸಾಫ್ಟ್‌ವೇರ್ ಆದರೂ.

ಹುಣಸಗಿ_ಹೈದ
ಅಕ್ಕ, ಆ ಒಂದು ಸಾಲಿನ ಪ್ರಶ್ನೆ ನಮ್ಮ ಆಫೀಸಿನ ಗೋಡೆಗೆ ಹಾಕಬೇಕಾದ್ದು. ನಾನು ಯಾದಗಿರಿ ಜಿಲ್ಲೆಯವನು, ಬೆಂಗಳೂರಲ್ಲಿ ಡೇಟಾ ಅನಲಿಸ್ಟ್. ಮೆಟಾಬೇಸ್ ದಿನಾ ಬಳಸ್ತೀನಿ, ಹಾಗಾಗಿ ತೊಗರಿ_ಲೆಕ್ಕ ಅವರಿಗೆ ಸ್ವಲ್ಪ ವಿವರವಾಗಿ ಬರೀತೀನಿ.

ಅದನ್ನು ಮೂರೂ ಮಷೀನಿಗೆ ಹಾಕೋದು ಬೇಡ. ಒಂದರಲ್ಲಿ ಹಾಕಿ, ಉಳಿದವರು ಬ್ರೌಸರ್‌ನಲ್ಲಿ ಅದೇ ವಿಳಾಸ ತೆರೆಯುತ್ತಾರೆ. ಜಾವಾ ಮೇಲೆ ಓಡುತ್ತೆ, ಹಾಗಾಗಿ ಹಾಕುವ ಮಷೀನಿಗೆ ಮಾತ್ರ 8 ಜಿಬಿ ಮಾಡಿಸಿಕೊಳ್ಳಿ. ಪ್ರಶ್ನೆ ಕಟ್ಟೋದು ಮೇಲಿನಿಂದ ಕೆಳಗೆ ಹೆಜ್ಜೆ ಹೆಜ್ಜೆಯಾಗಿ: ಯಾವ ಟೇಬಲ್, ಯಾವುದರ ಜೊತೆ ಜಾಯ್ನ್, ಯಾವ ಫಿಲ್ಟರ್, ಯಾವುದರ ಮೇಲೆ ಮೊತ್ತ. ಪ್ರತಿ ಹೆಜ್ಜೆಗೂ ಅಲ್ಲೇ ಕೆಲವು ಸಾಲುಗಳ ಮುನ್ನೋಟ ನೋಡಬಹುದು. ಜಾಯ್ನ್ ಮಾಡಿದ ಕೂಡಲೇ ಮುನ್ನೋಟ ತೆಗೆದು ನೋಡಿದರೆ ಒಂದೇ ಚೀಟಿ ಎರಡು ಸಲ ಬಂದಿರೋದು ಕಣ್ಣಿಗೆ ಬೀಳುತ್ತೆ. ಆ ಪ್ರಶ್ನೆಯ ಎಸ್‌ಕ್ಯೂಎಲ್ ತೋರಿಸು ಅಂತ ಒಂದು ಬಟನ್ ಇದೆ, ಕಾಗಿಣಾ ಅವರಂಥವರು ಪಕ್ಕದಲ್ಲಿದ್ದರೆ ಅದನ್ನು ನೋಡಿ ಸರಿ-ತಪ್ಪು ಹೇಳಬಹುದು. ಆ ಇಬ್ಬರೂ ಆರು ತಿಂಗಳು ಆ ಬಟನ್ ಒತ್ತಿ ನೋಡ್ತಾ ಹೋದರೆ ಎಸ್‌ಕ್ಯೂಎಲ್ ಓದೋದು ತಾನಾಗಿ ಬರುತ್ತೆ.

ಹಾಕುವಾಗ ಒಂದು ಎಚ್ಚರ. ಮೆಟಾಬೇಸ್ ತನ್ನ ಸ್ವಂತ ವಿವರಗಳನ್ನು, ಅಂದರೆ ನೀವು ಉಳಿಸಿದ ಪ್ರಶ್ನೆ, ಬಳಕೆದಾರರ ಪಟ್ಟಿ ಎಲ್ಲವನ್ನೂ, ಮೊದಲಿಗೆ ಎಚ್2 ಅನ್ನೋ ಒಂದು ಫೈಲಿನಲ್ಲಿ ಇಡುತ್ತೆ. ಅದು ಪರೀಕ್ಷೆ ಮಾಡಿ ನೋಡಲಿಕ್ಕೆ ಮಾತ್ರ. ನಿಜವಾದ ಬಳಕೆಗೆ ಮೊದಲ ದಿನವೇ ಅದನ್ನು ಪೋಸ್ಟ್‌ಗ್ರೆಸ್ ಅಥವಾ ಮೈಎಸ್‌ಕ್ಯೂಎಲ್‌ಗೆ ಬದಲಾಯಿಸಿ.

ಸುರಪುರ_ಸವಾರ
ಎಲ್ಲರೂ ಪರದೆ ಬಗ್ಗೆನೇ ಮಾತಾಡ್ತಿದ್ದೀರಿ, ಪಾಸ್‌ವರ್ಡ್ ಬಗ್ಗೆ ಯಾರೂ ಮಾತಾಡಿಲ್ಲ. ಯಾವ ಸಾಫ್ಟ್‌ವೇರ್ ಹಾಕಿದರೂ ಎಲ್ಲಾ ಅಧಿಕಾರ ಇರೋ ರೂಟ್ ಯೂಸರ್ ಕೊಡಬೇಡ್ರಿ. ಈ ಸಾಧನಗಳಲ್ಲಿ ಹೆಚ್ಚಿನವು ಕೋಷ್ಟಕದ ಮೇಲೆ ಎರಡು ಸಲ ಒತ್ತಿದರೆ ಅಲ್ಲೇ ತಿದ್ದಲು ಬಿಡ್ತವೆ. ಎಕ್ಸೆಲ್ ಅಭ್ಯಾಸ ಇದ್ದವರು ನೋಡ್ತಾ ನೋಡ್ತಾ ಒಂದು ಅಂಕಿ ಒತ್ತಿ ಎಂಟರ್ ಹೊಡೆದರೆ ರೈತರ ತೂಕನೇ ಬದಲಾಗಿಹೋಗ್ತದೆ. ಸೆಲೆಕ್ಟ್, ಅಂದ್ರೆ ಓದೋ ಅಧಿಕಾರ ಮಾತ್ರ ಇರುವ ಬೇರೆ ಯೂಸರ್ ಮಾಡ್ರಿ. ಡಿಬೀವರ್‌ನಲ್ಲಿ ಕನೆಕ್ಷನ್ನಿಗೆ ರೀಡ್-ಓನ್ಲಿ ಟಿಕ್ ಇದೆ, ಪ್ರೊಡಕ್ಷನ್ ಅಂತ ಗುರುತು ಮಾಡಿದರೆ ಕೆಂಪು ಬಣ್ಣ ಬರ್ತದೆ, ವೇರ್ ಇಲ್ಲದ ಅಪ್‌ಡೇಟ್‌ಗೆ ಕೇಳಿ ಮುಂದೆ ಹೋಗ್ತದೆ. ವರ್ಕ್‌ಬೆಂಚ್‌ನಲ್ಲಿ ಸೇಫ್ ಅಪ್‌ಡೇಟ್ ಇದೆ, ಕೀ ಕಾಲಂ ಇಲ್ಲದೆ ತಿದ್ದಲು ಹೋದರೆ 1175 ಎರರ್ ಕೊಡ್ತದೆ. ಇವೆಲ್ಲಾ ಒಳ್ಳೆಯವೇ, ಆದರೆ ಇವು ನಿಮ್ಮ ಪರದೆಯಲ್ಲಿರೋ ಬೇಲಿ. ಸರ್ವರ್ ಒಪ್ಪದ ಹಾಗೆ ಮಾಡೋದೇ ಗಟ್ಟಿ.

ಮತ್ತೆ ರೈತರ ಬ್ಯಾಂಕ್ ಖಾತೆ, ಫೋನ್ ನಂಬರ್ ಇರುವ ಕಾಲಂ ರಿಪೋರ್ಟ್ ತೆಗೆಯೋರಿಗೆ ಯಾಕೆ ಬೇಕು? ವ್ಯೂ (ಟೇಬಲ್ಲಿನಂತೆ ಕಾಣೋ, ಉಳಿಸಿಟ್ಟ ಕ್ವೆರಿ) ಮಾಡಿ, ವ್ಯೂ ಮೇಲೆ ಮಾತ್ರ ಅಧಿಕಾರ ಕೊಡ್ರಿ. ಮೈಎಸ್‌ಕ್ಯೂಎಲ್‌ನಲ್ಲಿ ವ್ಯೂ ಮಾಡಿದವರ ಹಕ್ಕಿನ ಮೇಲೆ ನಡೆಯೋದೇ ಡೀಫಾಲ್ಟ್, ಮೂಲ ಟೇಬಲ್ ಮುಟ್ಟಲಿಕ್ಕೆ ಅವರಿಗೆ ಅಧಿಕಾರವೇ ಬೇಕಾಗಿಲ್ಲ.

ಕಾಗಿಣಾ_ದಂಡಿ
ಇದು ನೂರಕ್ಕೆ ನೂರು ಸರಿ. ವ್ಯೂನಿಂದ ನಮ್ಮ ಜಗಳನೂ ಅರ್ಧ ಮುಗೀತದೆ. ಚೀಟಿಗೆ ಒಂದೇ ಸಾಲು, ಪಕ್ಕದಲ್ಲಿ ಕೊಟ್ಟ ಹಣದ ಮೊತ್ತ, ಬಾಕಿ, ಊರು, ತಾಲೂಕು, ತಳಿ ಎಲ್ಲಾ ಸೇರಿಸಿ ಒಂದು ಅಗಲವಾದ ವ್ಯೂ ತೊಗರಿ_ಲೆಕ್ಕ ಅವರೇ ಒಮ್ಮೆ ಬರೆದಿಡಲಿ. ಆ ಇಬ್ಬರಿಗೆ ಆ ವ್ಯೂ ಒಂದೇ ಕಾಣಲಿ. ಗೆರೆ ಎಳೆಯೋ ಪ್ರಸಂಗನೇ ಬರಲ್ಲ. ಫಿಲ್ಟರ್ ಹಾಕು, ಮೊತ್ತ ನೋಡು, ಅಷ್ಟೇ.

ಮಾಂಜ್ರಾ (ಬೀದರ್)
ಇದಕ್ಕೆ ನನ್ನ ಒಪ್ಪಿಗೆ ಅದ. ಹಂಗಾದ್ರೆ ಆಕ್ಸೆಸ್ ಆದರೂ ನಡೀತದ, ಬೇಸ್ ಆದರೂ ನಡೀತದ.

ತೊಗರಿ_ಲೆಕ್ಕ (ಕಲಬುರಗಿ)
ಭಾಳ ಛಲೋ ವಿಚಾರ ಕೊಟ್ರಿ ಎಲ್ಲಾರೂ. ಒಂದು ಸಂಶಯ. ತೂಕ ಹಾಕೋ ಹೊತ್ತಿನ್ಯಾಗ ಇವರು ದೊಡ್ಡ ಕ್ವೆರಿ ಓಡಿಸಿದ್ರ ಚೀಟಿ ಪ್ರಿಂಟ್ ನಿಲ್ತದೇನು?

ಹುಣಸಗಿ_ಹೈದ
ಮೈಎಸ್‌ಕ್ಯೂಎಲ್ ಟೇಬಲ್ ಇಡೋದಕ್ಕೆ ಇನ್ನೊಡಿಬಿ, ಮೈಐಸ್ಯಾಮ್ ಅಂತ ಬೇರೆ ಬೇರೆ ವಿಧಾನ ಇವೆ. ಟೇಬಲ್‌ಗಳು ಇನ್ನೊಡಿಬಿ ಆಗಿದ್ದರೆ ಓದುವವರು ಬರೆಯುವವರನ್ನು ತಡೆಯೋದಿಲ್ಲ, ಮಷೀನು ಮಾತ್ರ ನಿಧಾನ ಆಗಬಹುದು. ಹಳೇ ಸಾಫ್ಟ್‌ವೇರ್ ಆಗಿದ್ದರೆ ಮೈಐಸ್ಯಾಮ್ ಇರೋ ಸಾಧ್ಯತೆ ಇದೆ. ಅದರಲ್ಲಿ ದೊಡ್ಡ ಓದು ನಡೀತಿದ್ದರೆ ಇಡೀ ಟೇಬಲ್ಲಿಗೆ ಬೀಗ, ಹೊಸ ಚೀಟಿ ಕಾಯ್ತಾ ನಿಲ್ಲಬಹುದು. ಎಲ್ಲಕ್ಕಿಂತ ಒಳ್ಳೇದು, ದಿನಾ ರಾತ್ರಿ ಮೈಎಸ್‌ಕ್ಯೂಎಲ್‌ಡಂಪ್‌ನಿಂದ ಡೇಟಾಬೇಸಿನ ಬ್ಯಾಕಪ್ ತೆಗೆದು ಇನ್ನೊಂದು ಮಷೀನಿಗೆ ಹಾಕಿ ರಿಪೋರ್ಟ್ ಎಲ್ಲಾ ಅಲ್ಲಿಂದ ತೆಗೀರಿ. ನಿನ್ನೆವರೆಗಿನ ಲೆಕ್ಕ ಅಧ್ಯಕ್ಷರಿಗೆ ಸಾಕು. ಬ್ಯಾಕಪ್ ಸರಿಯಾಗಿ ಮರಳಿ ಬರುತ್ತಾ ಅನ್ನೋದೂ ದಿನಾ ಪರೀಕ್ಷೆ ಆದಂಗಾಯ್ತು.

ಅಕ್ಷರ_ಕಾವಲು
ಹೆಸರು, ಊರು ಕನ್ನಡದಲ್ಲಿ ಇದ್ದಾವಾ? ಯೂನಿಕೋಡಾ, ಹಳೇ ನುಡಿನಾ? ಇದು ಕೇಳದೆ ಸಾಫ್ಟ್‌ವೇರ್ ಆರಿಸಬೇಡಿ.

ತೊಗರಿ_ಲೆಕ್ಕ (ಕಲಬುರಗಿ)
ಎರಡೂ ಅವ್ರಿ. ಮೊದಲಿನ ಒಂದೆರಡು ವರ್ಷದ್ದು ನುಡಿಯೊಳಗ ಟೈಪ್ ಮಾಡ್ಯಾರ, ಆಮೇಲಿಂದ ಯೂನಿಕೋಡ್. ಹೈಡಿಯೊಳಗ ತೆರೆದ್ರ ಹಳೇ ಹೆಸರು ಇಂಗ್ಲಿಷ್ ಅಕ್ಷರ, ಚಿಹ್ನೆ ಕಲಸಿದಂಗ ಕಾಣ್ತಾವ.

ಅಕ್ಷರ_ಕಾವಲು
ಹಾಗಾದರೆ ಮೊದಲ ಕೆಲಸ ಅದು. ಹಳೇ ನುಡಿ ಫಾಂಟಿನಲ್ಲಿ ಬರೆದದ್ದು ಡೇಟಾಬೇಸಿನ ದೃಷ್ಟಿಯಲ್ಲಿ ಕನ್ನಡವೇ ಅಲ್ಲ, ಲ್ಯಾಟಿನ್ ಅಕ್ಷರಗಳ ಸಾಲು. ಕೋಷ್ಟಕಕ್ಕೆ ನುಡಿ ಫಾಂಟ್ ಹಾಕಿದರೆ ಕಣ್ಣಿಗೆ ಕನ್ನಡ ಕಾಣುತ್ತೆ, ಆದರೆ ಪಕ್ಕದ ಇಂಗ್ಲಿಷ್ ಕಾಲಂ ಕೆಡುತ್ತೆ, ಯೂನಿಕೋಡಿನಲ್ಲಿ "ಸೇಡಂ" ಅಂತ ಹುಡುಕಿದರೆ ಹಳೇ ಸಾಲು ಒಂದೂ ಸಿಗಲ್ಲ. ಪರಿವರ್ತಕ ಬಳಸಿ ಯೂನಿಕೋಡಿಗೆ ತನ್ನಿ. ಮೂಲ ಕಾಲಂ ಅಳಿಸಬೇಡಿ, ಪಕ್ಕದಲ್ಲಿ ಹೊಸ ಕಾಲಂ ಮಾಡಿ.

ಇನ್ನು ಯೂನಿಕೋಡ್ ಅಂತ ನೆಮ್ಮದಿಯಿಂದ ಕೂಡುವ ಹಾಗಿಲ್ಲ. "ಸೇಡಂ"ನ ಏತ್ವವನ್ನು ಎರಡು ರೀತಿ ಬರೆಯಬಹುದು: ಒಂದೇ ಸಂಕೇತವಾಗಿ, ಅಥವಾ ಎತ್ವ ಮತ್ತು ದೀರ್ಘದ ಚಿಹ್ನೆ ಅಂತ ಎರಡು ಸಂಕೇತವಾಗಿ. ಪರದೆ ಮೇಲೆ ಕೂದಲಷ್ಟೂ ವ್ಯತ್ಯಾಸ ಇಲ್ಲ. ಬೈನರಿ ಹೋಲಿಕೆ ಮಾಡುವ ಕೊಲೇಷನ್ (ಅಕ್ಷರ ಹೋಲಿಸುವ ನಿಯಮ) ಇದ್ದರೆ ಅವೆರಡು ಬೇರೆ ಬೇರೆ ಊರು. ಗುಂಪು ಮಾಡಿದಾಗ "ಸೇಡಂ" ಎರಡು ಸಲ ಬಂದರೆ ಮೊದಲು ಇದನ್ನೇ ನೋಡಿ. ಅಕ್ಷರಗಳ ನಡುವೆ ಸೇರಿದ ಕಣ್ಣಿಗೆ ಕಾಣದ ಜೋಡಕ ಸಂಕೇತ, ಕೊನೆಯಲ್ಲಿ ಉಳಿದ ಖಾಲಿ ಜಾಗ ಸಹ ಇದೇ ಕೆಲಸ ಮಾಡ್ತವೆ.

ಯೂನಿಕೋಡ್ ಕಾಲಂನಲ್ಲೂ ಕೆಟ್ಟ ಹೆಸರು ಕಂಡರೆ ಹೀಗೆ ಗುರುತು ಹಿಡೀರಿ. ಸಾಲಾಗಿ ಪ್ರಶ್ನಾರ್ಥಕ ಚಿಹ್ನೆನೇ ಉಳಿದಿದ್ದರೆ ಆ ಅಕ್ಷರ ಹೋಯ್ತು, ಮರಳಿ ಬರಲ್ಲ, ಕಾಗದ ನೋಡಿ ಟೈಪ್ ಮಾಡಬೇಕು. ತಲೆ ಮೇಲೆ ಚುಕ್ಕೆ, ಗೆರೆ ಇರುವ ವಿಚಿತ್ರ ಲ್ಯಾಟಿನ್ ಅಕ್ಷರ ಬರ್ತಿದ್ದರೆ ಸಾಮಾನ್ಯವಾಗಿ ಬೈಟುಗಳು ಒಳಗೆ ಇನ್ನೂ ಇವೆ, ಕನೆಕ್ಷನ್ನಿನ ಕ್ಯಾರೆಕ್ಟರ್ ಸೆಟ್ ತಪ್ಪಿದೆ ಅಷ್ಟೇ. ಅದನ್ನು ಯುಟಿಎಫ್8ಎಂಬಿ4 (ಮೈಎಸ್‌ಕ್ಯೂಎಲ್‌ನ ಪೂರ್ಣ ಯೂನಿಕೋಡ್) ಇಟ್ಟುಕೊಳ್ಳಿ.

ಲ್ಯಾಬ್_ಅಕ್ಕ (ಕಲಬುರಗಿ)
ಇದಕ್ಕೆ ಒಂದು ಸಣ್ಣದು ಸೇರಿಸುತ್ತೇನೆ. ಸಿಎಸ್‌ವಿ ಮಾಡಿ ಎಕ್ಸೆಲ್‌ನಲ್ಲಿ ತೆರೆದಾಗ ಕನ್ನಡ ಕೆಟ್ಟರೆ ಡೇಟಾಬೇಸ್ ಕೆಟ್ಟಿದೆ ಎಂದು ಗಾಬರಿ ಬೇಡ. ಡಿಬೀವರ್‌ನ ಎಕ್ಸ್‌ಪೋರ್ಟ್ ಆಯ್ಕೆಗಳಲ್ಲಿ ಬಿಒಎಂ (ಫೈಲ್ ಯೂನಿಕೋಡ್ ಎಂದು ತಿಳಿಸುವ ಆರಂಭದ ಗುರುತು) ಸೇರಿಸು ಎಂದು ಇದೆ, ಅದಕ್ಕೆ ಟಿಕ್ ಹಾಕಿ. ಎಕ್ಸೆಲ್ ಸರಿಯಾಗಿ ಓದುತ್ತದೆ.

ಸುರಪುರ_ಸವಾರ
ಎಕ್ಸ್‌ಪೋರ್ಟ್ ಮಾತು ಬಂತಲ್ಲ, ಇದೂ ಕೇಳ್ರಿ. ಡಿಬೀವರ್ ಮೊದಲಿಗೆ 200 ಸಾಲು ಮಾತ್ರ ತರ್ತದೆ, ಕೆಳಗೆ ಸರಿಸಿದಂತೆ ಮುಂದಿನವು ಬರ್ತವೆ. ವರ್ಕ್‌ಬೆಂಚ್ 1000ಕ್ಕೆ ನಿಲ್ಲಿಸ್ತದೆ. ನಮ್ಮ ಪರಿಚಯದ ಒಂದು ಕಡೆ ಕೋಷ್ಟಕದಿಂದ ಎಲ್ಲಾ ಆರಿಸಿ, ಕಾಪಿ ಮಾಡಿ, ಎಕ್ಸೆಲ್‌ಗೆ ಹಾಕಿ ಮೊತ್ತ ತೆಗೀತಿದ್ದರು. ಪ್ರತಿ ತಿಂಗಳೂ ಬರೋಬ್ಬರಿ 200 ಸಾಲು. ಯಾರಿಗೂ ಅನುಮಾನ ಬರಲಿಲ್ಲ. ಕೋಷ್ಟಕದಿಂದ ಕಾಪಿ ಮಾಡೋದನ್ನ ಬಿಡಿಸ್ರಿ, ಎಕ್ಸ್‌ಪೋರ್ಟ್ ಮಾಡೋದು ಕಲಿಸ್ರಿ. ಮೊತ್ತವನ್ನಂತೂ ಡೇಟಾಬೇಸ್‌ನಿಂದಲೇ ಕೇಳಬೇಕು.

ಹುಣಸಗಿ_ಹೈದ
ಮೆಟಾಬೇಸ್ ಸಹ ಪರದೆ ಮೇಲೆ ಮೊದಲ 2000 ಸಾಲು ಮಾತ್ರ ತೋರಿಸುತ್ತೆ, ಕೆಳಗೆ ಬರೆದಿರುತ್ತೆ. ಡೌನ್‌ಲೋಡ್ ಮಾಡಿದರೆ ಹೆಚ್ಚು ಬರುತ್ತೆ. ಎಕ್ಸೆಲ್‌ಗೆ ಒಯ್ಯುವಾಗ ಅಲ್ಲಿನ ಮಿತಿ 10,48,576 ಸಾಲು, ಹಳೇ ಎಕ್ಸ್‌ಎಲ್‌ಎಸ್ ಫೈಲ್ ಆದರೆ ಬರೀ 65,536.

ಭಾಲ್ಕಿ_ಬಸವ
ಈಗ ಎಐ ಅದಲ್ರೀ. ಕನ್ನಡದಾಗ ಕೇಳಿದ್ರ ಎಸ್‌ಕ್ಯೂಎಲ್ ಬರೆದು ಕೊಡ್ತದ. ಮೌಸೂ ಬ್ಯಾಡ, ಏನೂ ಬ್ಯಾಡ.

ಕಾಗಿಣಾ_ದಂಡಿ
ಕೊಡ್ತದೆ. ಚೆನ್ನಾಗಿಯೇ ಕೊಡ್ತದೆ. ಆದರೆ ಒಂದು ಚೀಟಿಗೆ ಎರಡು ಕಂತು ಇರಬಹುದು ಅಂತ ನೀವು ಹೇಳದಿದ್ದರೆ ಅದಕ್ಕೆ ಹೆಂಗ ಗೊತ್ತಾಗಬೇಕು? ಅದೇ 24 ಬರೀತದೆ, ಅಂದವಾಗಿ ಬರೀತದೆ. ಕೇಳೋದಿದ್ದರೆ ಟೇಬಲ್, ಕಾಲಂ ಹೆಸರು ಮಾತ್ರ ಕೊಡ್ರಿ. ರೈತರ ಹೆಸರು, ಖಾತೆ ನಂಬರ್ ಇರೋ ಸಾಲುಗಳನ್ನ ಅಲ್ಲಿ ಅಂಟಿಸಬ್ಯಾಡ್ರಿ. ಅವರು ನಮ್ಮನ್ನ ನಂಬಿ ಕೊಟ್ಟ ವಿವರ ಅದು.

ಮಾಂಜ್ರಾ (ಬೀದರ್)
ನನಗ ಇನ್ನೊಂದು ಕಾಡ್ತದ. ಅಧ್ಯಕ್ಷರ ಮೊದಲ ಪ್ರಶ್ನೆ "ಚಿತ್ತಾಪುರ ತಾಲೂಕಿನ್ಯಾಗ" ಅಂತ. ಯಾವ ಚಿತ್ತಾಪುರ? ಕಾಳಗಿ, ಶಹಾಬಾದ್ ಎರಡೂ ಮೊದಲು ಅದರೊಳಗೇ ಇದ್ದವು, ಈಗ ಬೇರೆ ತಾಲೂಕು. ಹಳೇ ರೈತರ ದಾಖಲೆಯಲ್ಲಿ ಇನ್ನೂ ಚಿತ್ತಾಪುರನೇ ಇರ್ತದ. ನಮ್ಮಲ್ಲೂ ಹಂಗೇ, ಹುಲಸೂರು, ಕಮಲನಗರ, ಚಿಟಗುಪ್ಪ ಆಮೇಲೆ ಆದವು.

ಹುಣಸಗಿ_ಹೈದ
ನಮ್ಮ ಜಿಲ್ಲೆದು ಇನ್ನೂ ಕಷ್ಟ. ಯಾದಗಿರಿ ಜಿಲ್ಲೆ ಆದದ್ದೇ 2009ರ ಕೊನೆಗೆ. ಅದಕ್ಕೂ ಹಿಂದಿನ ದಾಖಲೆಯಲ್ಲಿ ಸುರಪುರ, ಶಹಾಪುರ ಎಲ್ಲಾ ಗುಲ್ಬರ್ಗಾ ಜಿಲ್ಲೆ. ಹುಣಸಗಿ ಮೊದಲು ಸುರಪುರ ತಾಲೂಕು, ವಡಗೇರಾ ಶಹಾಪುರದ್ದು. ಗುಲ್ಬರ್ಗಾ ಅಧಿಕೃತವಾಗಿ ಕಲಬುರಗಿ ಆದದ್ದು 2014ರ ನವೆಂಬರ್ 1ಕ್ಕೆ, ಆದರೆ ಟೈಪ್ ಮಾಡುವವರ ಕೈಯಲ್ಲಿ ಗುಲ್ಬರ್ಗಾ, ಗುಲಬರ್ಗಾ, ಕಲಬುರ್ಗಿ, ಕಲಬುರಗಿ ಎಲ್ಲಾ ಬಂದಿರುತ್ತೆ. ಯಾವ ಪರದೆ ಹಾಕಿದರೂ ಇದನ್ನು ಸರಿ ಮಾಡಲ್ಲ. ಊರು, ತಾಲೂಕಿಗೆ ಬೇರೆ ಮಾಸ್ಟರ್ ಟೇಬಲ್ ಮಾಡಿ, ಕೇಂದ್ರ ಸರ್ಕಾರದ ಲೋಕಲ್ ಗವರ್ನಮೆಂಟ್ ಡೈರೆಕ್ಟರಿಯಲ್ಲಿ ಪ್ರತಿ ಗ್ರಾಮಕ್ಕೂ ಒಂದು ಕೋಡ್ ಇದೆ, ಅದನ್ನೇ ಹಾಕಿಕೊಳ್ಳಿ. ಗ್ರಾಮದ ಕೋಡ್ ಇದ್ದರೆ ತಾಲೂಕು ನಾಳೆ ಬದಲಾದರೂ ಒಂದೇ ಕಡೆ ತಿದ್ದಿದರೆ ಸಾಕು.

ಕಾಗಿಣಾ_ದಂಡಿ
ತಳಿ ಕಾಲಂ ಸಹ ಇದೇ ಕಥೆ ಇರ್ತದೆ ನೋಡ್ರಿ. ಟಿಎಸ್ 3ಆರ್, ಟಿ.ಎಸ್.3ಆರ್, ಟಿಎಸ್3 ಅಂತ.

ತೊಗರಿ_ಲೆಕ್ಕ (ಕಲಬುರಗಿ)
ಖರೇ ಅದ. ಜಿಆರ್‌ಜಿ 811 ಅಂತೂ ನಾಲ್ಕು ನಮೂನಿ ಬರೆದಾರ.

ಭಾಲ್ಕಿ_ಬಸವ
ಈ ಸಲ 811 ಹಾಕಿದವರು ಯಾರಾರ ಇದ್ದೀರೇನ್ರಿ? ನಮ್ಮ ಹೊಲದಾಗ ಹೋದ ವರ್ಷ ನೆಟಿ ರೋಗ ಭಾಳ ಬಿತ್ತು. ಬೀಜ ಎಲ್ಲಿ ತಗೊಂಡ್ರಿ?

ಮಾಂಜ್ರಾ (ಬೀದರ್)
ಕೃಷಿ ಸಂಶೋಧನಾ ಕೇಂದ್ರದಾಗ ಕೇಳಿ ನೋಡ್ರಿ ಬಸವಣ್ಣ. ಅದಕ್ಕೊಂದು ಬೇರೆ ಚರ್ಚಾ ತೆರೀರಿ, ನಾನೂ ಬರ್ತೀನಿ.

ತೊಗರಿ_ಲೆಕ್ಕ (ಕಲಬುರಗಿ)
ನಾನು ಹಿಂಗ ಮಾಡಬೇಕಂತ ಮಾಡೀನಿ. ಮೊದಲು ರಾತ್ರಿ ಕಾಪಿ ಇನ್ನೊಂದು ಮಷೀನಿಗಿ. ಅದರ ಮ್ಯಾಲ ಚೀಟಿಗೊಂದು ಸಾಲಿನ ವ್ಯೂ, ಖಾತೆ ನಂಬರ್ ಬಿಟ್ಟು. ಅದಕ್ಕ ಓದೋ ಅಧಿಕಾರ ಮಾತ್ರ ಇರೋ ಯೂಸರ್. ಆ ಮಷೀನಿಗೇ ರ‍್ಯಾಮ್ ಹೆಚ್ಚು ಮಾಡಿ ಮೆಟಾಬೇಸ್. ನನ್ನ ಕೆಲಸಕ್ಕ ಹೈಡಿ ಸಾಕು. ನುಡಿ ಹೆಸರು ಬದಲಾಯಿಸೋದು, ಊರಿನ ಕೋಡ್ ಹಚ್ಚೋದು ಮಾಲು ಬರೋದರೊಳಗ ಮುಗೀಬೇಕು. ಆದ್ರ ಒಂದು ಉಳೀತು. ವಾಪಸ್ ಹೋದ ಮಾಲಿಗಿ ಚೀಟಿನೇ ಆಗಲ್ಲ, ತೇವಾಂಶ ನೋಡಿದ ಟೇಬಲ್ ಬೇರೆ ಅದ. ಅದನ್ನೂ ಇದೇ ವ್ಯೂನ್ಯಾಗ ಸೇರಿಸ್ಲೇನು?

ಲ್ಯಾಬ್_ಅಕ್ಕ (ಕಲಬುರಗಿ)
ಬೇಡ. ಅಲ್ಲಿ ಒಂದು ಸಾಲು ಎಂದರೆ ಒಂದು ತೇವಾಂಶ ಪರೀಕ್ಷೆ. ಒಂದೇ ಗಾಡಿಯ ಮಾಲನ್ನು ಒಣಗಿಸಿ ತಂದು ಎರಡನೇ ಸಲ ಪರೀಕ್ಷೆ ಮಾಡಿಸಿರಬಹುದು. ಅದಕ್ಕೆ ಬೇರೆಯೇ ವ್ಯೂ ಮಾಡಿ, ಹೆಸರೂ ಸ್ಪಷ್ಟವಾಗಿ ಇಡಿ.

ಕಾಗಿಣಾ_ದಂಡಿ
ಅಕ್ಕ ಹೇಳಿದ್ದೇ ಸರಿ. ಮತ್ತೆ ಎರಡೂ ವ್ಯೂ ತಯಾರಾದ ಮೇಲೆ ಹೋದ ಸೀಸನ್ನಿನ ಒಂದು ದಿನದ ಚೀಟಿ ಪುಸ್ತಕ ತೆಗೆದು ಕೈಯಿಂದ ಕೂಡಿಸಿ ತಾಳೆ ನೋಡ್ರಿ. ಕಂತಿನಲ್ಲಿ ಹಣ ಕೊಟ್ಟ ದಿನವನ್ನೇ ಆರಿಸ್ರಿ.

ಯಡ್ರಾಮಿ_ಯುವಕ
ಇಡೀ ಚರ್ಚೆ ಓದಿದೆ, ಬಹಳ ಉಪಯೋಗ ಆಯ್ತು. ನಮ್ಮದು ಪೋಸ್ಟ್‌ಗ್ರೆಸ್. ಅಕ್ಷರ_ಕಾವಲು ಹೇಳಿದ ಏತ್ವದ ತೊಂದರೆ ಅಲ್ಲೂ ಇದೆಯಾ?

ಅಕ್ಷರ_ಕಾವಲು
ಇದೆ. 13ನೇ ಆವೃತ್ತಿಯಿಂದ ಇಂಥ ಎರಡು ಬರಹವನ್ನು ಒಂದೇ ರೂಪಕ್ಕೆ ತರುವ ನಾರ್ಮಲೈಸ್ ಅನ್ನೋ ಫಂಕ್ಷನ್ ಒಳಗೇ ಬಂದಿದೆ. ಊರಿನ ಕಾಲಂ ಮೇಲೆ ಅದನ್ನು ಓಡಿಸಿ, ಮೊದಲಿದ್ದದ್ದಕ್ಕೂ ಆಮೇಲಿನದಕ್ಕೂ ವ್ಯತ್ಯಾಸ ಇರುವ ಸಾಲು ಎಷ್ಟು ಅಂತ ಎಣಿಸಿ ನೋಡಿ. ಡೇಟಾಬೇಸ್ ಎನ್‌ಕೋಡಿಂಗ್ ಯುಟಿಎಫ್8 ಆಗಿದ್ದರೆ ಮಾತ್ರ ಅದು ಕೆಲಸ ಮಾಡುತ್ತೆ.